ಮಗು ಇಲ್ಲ ಎಂದ ಹದಿನಾಲ್ಕು ಮಂದಿ

ಖಾಸಗಿ ಪತ್ತೇದಾರರೊಬ್ಬರ ಕಚೇರಿಯಲ್ಲಿ ಅದು ನನ್ನ ಎರಡನೆಯ ವರ್ಷ. ಜರ್ಮನಿಯಲ್ಲಿರುವ ತಾಯಿಯೊಬ್ಬಳು, ಮೂಲತಃ ನಮ್ಮ ಕಡೆಯವಳೇ, ವಕೀಲರ ಮೂಲಕ ನಮ್ಮನ್ನು ಹುಡುಕಿಕೊಂಡಳು. ವಿಚ್ಛೇದನವಾದ ಗಂಡ ಆರು ವರ್ಷದ ಮಗಳನ್ನು ರಜೆಗೆಂದು ಗೋಕಾಕಿಗೆ ಕರೆತಂದವನು ತಿಂಗಳುಗಳಾದರೂ ವಾಪಸ್ ಕಳಿಸಿರಲಿಲ್ಲ. ಅಲ್ಲಿಯ ಕೋರ್ಟಿನ ಆದೇಶ ಇಲ್ಲಿ ತಾನಾಗಿ ನಡೆಯುವುದಿಲ್ಲ. ಇಲ್ಲಿನ ಹೈಕೋರ್ಟಿಗೆ ಹೋಗಬೇಕು. ಮಗು ಯಾವ ಮನೆಯಲ್ಲಿದೆ ಎಂದು ತೋರಿಸಬೇಕು. ನಾನು ತರಬೇಕಾದದ್ದು ಆ ವಿಳಾಸ ಮಾತ್ರ. ಮಗುವನ್ನು ಮಾತಾಡಿಸುವಂತೆಯೂ ಇರಲಿಲ್ಲ.

ನಮ್ಮಲ್ಲಿ ಒಂದು ಮನೆತನದ ಬಗ್ಗೆ ಹೊಸಬರು ಕೇಳಿದರೆ ಯಾರೂ ಅನುಮಾನಪಡದ ಕಾರಣ ಮದುವೆ. ಹಾಗಾಗಿ, ಹೆಣ್ಣಿನ ಕಡೆಯವರ ಪರವಾಗಿ ವಿಚಾರಿಸಲು ಬಂದವಳು ಎಂದೆ.

ಗೋಕಾಕಿನ ಮನೆಗೆ ಬೀಗ. ಪಕ್ಕದ ಮನೆಯಾಕೆ ಕೂಡ್ರಿಸಿ ಚಹಾ ಕೊಟ್ಟಳು.

"ಹುಡುಗ ಬಂಗಾರದಂಥಾಂವ. ಒಂದ ಸಲ ಲಗ್ನ ಆಗಿತ್ತು ಖರೆ, ಅದು ಮುಗದ ಹೋತು."

"ಮಕ್ಕಳು ಅದಾವೇನ್ರಿ?"

"ಎಲ್ಲಿ ಮಕ್ಕಳವಾ. ನಿಶ್ಚಿಂತಿಯಿಂದ ಹೆಣ್ಣ ಕೊಡಾಕ ಹೇಳು."

ಮೂಡಲಗಿಯಲ್ಲಿ ಅವನ ಕಾಕಾನ ಗೊಬ್ಬರದ ಅಂಗಡಿಯಲ್ಲೂ ಮಕ್ಕಳಿಲ್ಲವೆಂದೇ ಉತ್ತರ. "ಹೆಣ್ಣು ನೀವs ಅಲ್ಲಲ್ರಿ?" ಎಂದು ಕಾಕಾ ನಕ್ಕ. ಹುಕ್ಕೇರಿಯಲ್ಲೂ ಅದೇ ಉತ್ತರ. ಹನ್ನೊಂದು ದಿನ, ಬಸ್ಸು ಇಪ್ಪತ್ತಾರು, ಚಹಾ ಮೂವತ್ತೊಂದು, ಮಗುವನ್ನು ಕಂಡವರು ಸೊನ್ನೆ.

ಹನ್ನೆರಡನೆಯ ದಿನ, ಗುರುವಾರ, ಮೂಡಲಗಿ ಬಸ್ ನಿಲ್ದಾಣದಲ್ಲಿ ಕುಳಿತು ಪಟ್ಟಿ ನೋಡಿದೆ. ಹದಿನಾಲ್ಕು ಮಂದಿ ಮಗು ಇಲ್ಲ ಎಂದಿದ್ದರು, ಒಬ್ಬರೂ ಗೊತ್ತಿಲ್ಲ ಎಂದಿರಲಿಲ್ಲ. ಆಗ ಹೊಳೆಯಿತು. ಎರಡನೆಯ ಸಂಬಂಧ ಕೂಡಿಬರಲಿ ಎಂಬ ಒಳ್ಳೆಯ ಮನಸ್ಸಿನಿಂದ ಎಲ್ಲರೂ ಮಗುವನ್ನು ಮರೆಮಾಡುತ್ತಿದ್ದರು. ಅವರಿಂದ ಹಾಗೆ ಮಾಡಿಸಿದ್ದು ನನ್ನ ಸುಳ್ಳು. ಕಾಲು ಎಳೆಯುತ್ತ ಗೋಕಾಕಿನ ಬಸ್ಸು ಹತ್ತಿದೆ.

ಪಕ್ಕದ ಮನೆಯಾಕೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಸುಳ್ಳ ಹೇಳಿ ನನ್ನ ಮನಿ ಚಾ ಕುಡದಿ."

"ಹೂಂರಿ ಅಕ್ಕಾರ."

"ತಾಯಿ ಅಳ್ತಾಳೇನು?"

"ಈಗ ಅಳಂಗಿಲ್ರಿ. ದಿನಾ ವಕೀಲರಿಗೆ ಫೋನ್ ಮಾಡ್ತಾರ."

"ದಡ್ಡಿ ಅನ್ನೋ ಹಳ್ಳ್ಯಾಗ ಆ ಹುಡುಗನ ಸ್ವಾದರತ್ತಿ ಮನ್ಯಾಗ ಐತಿ ಕೂಸು. ನಾ ಹೇಳೇನಂತ ಎಲ್ಲೂ ಬರೀಬ್ಯಾಡ."

ಬರೆಯಲಿಲ್ಲ. ಶುಕ್ರವಾರ ದಡ್ಡಿಯಲ್ಲಿ, ಸಂಜೆ ನಾಲ್ಕೂ ಇಪ್ಪತ್ತಕ್ಕೆ, ತಾಯಿ ಕಳಿಸಿಕೊಟ್ಟ ಫೋಟೋದಲ್ಲಿದ್ದ ಹುಡುಗಿ ಶಾಲೆಯಿಂದ ಬಂದು ಆ ಮನೆಯೊಳಗೆ ಹೋದಳು. ಶನಿವಾರವೂ ನೋಡಿ ಖಚಿತಪಡಿಸಿಕೊಂಡೆ. ಸೋಮವಾರ ವಿಳಾಸದೊಂದಿಗೆ ಹೈಕೋರ್ಟಿನಲ್ಲಿ ಅರ್ಜಿ ದಾಖಲಾಯಿತು.

ಅಂದೇ ತಾಯಿ ಫೋನ್ ಮಾಡಿದಳು. ನನ್ನ ವರದಿಯನ್ನು ಓದಿ ಮುಗಿಸಿದ್ದಳು.

"ಆಕಿ ಒಬ್ಬಾಕಿನs ಬರ್ತಿದ್ದಳೇನ್ರಿ?"

"ಇಲ್ರಿ, ಇನ್ನೊಂದ ಹುಡುಗಿ ಇತ್ತು. ಮಾತಾಡಕೋತ ಬರ್ತಿದ್ರು."

"ಯಾವ ಭಾಷಾದಾಗ?"

"ನಮ್ಮ ಮಾತಿನ್ಯಾಗs ರಿ."



"ನಾ ಆಕಿಗೆ ಕನ್ನಡ ಕಲಸಿರಲಿಲ್ರಿ," ಎಂದಳು. "ಮನ್ಯಾಗ ಜರ್ಮನ್ನs ಇತ್ತು."

ಕೋರ್ಟಿನ ತಾರೀಖು ಹೇಳಿದೆ. ಆಕೆ ಬರೆದುಕೊಂಡಳು, ಇನ್ನೊಮ್ಮೆ ಹೇಳಿ ಎಂದಳು, ಹೇಳಿದೆ.