ಆಸ್ಪತ್ರೆ ಅಂಗಳದಲ್ಲಿ ನಿಲ್ಲಿಸಿದ ಗಿಳಿಹಸಿರು ಕಾರು

ಈಗ ಪರವೂರಿಗೆ ಹೊರಟವರು ಮೊದಲು ಕೇಳುವುದು ಎರಡೇ ಪ್ರಶ್ನೆ: ಹೋಟೆಲು ಪೇಟೆಯ ನಡುವೆಯೇ ಇದೆಯೇ, ಕಾರು ನಿಲ್ಲಿಸಲು ಜಾಗವಿದೆಯೇ. ಅರವತ್ತರ ದಶಕದಲ್ಲಿ ನಮ್ಮ ಕಡೆ ಇವನ್ನು ಕೇಳಿ ತಲೆ ಕೆಡಿಸಿಕೊಂಡವನು ಬಹುಶಃ ನಾನೊಬ್ಬನೇ. ಉಳಿದವರಿಗೆ ಬೇರೆ ಒಂದು ಪ್ರಶ್ನೆ ಸಾಕಾಗುತ್ತಿತ್ತು: ಅಲ್ಲಿ ನಮ್ಮವರು ಯಾರಿದ್ದಾರೆ? ಯಾರಾದರೂ ಇದ್ದೇ ಇರುತ್ತಿದ್ದರು. ಅವರ ಮನೆ ಬಿಟ್ಟು ಲಾಡ್ಜಿನಲ್ಲಿ ಮಲಗುವುದೆಂದರೆ ಅವರೊಡನೆ ಮಾತು ಬಿಟ್ಟಿದ್ದೇವೆಂದು ಡಂಗುರ ಸಾರಿದಂತೆ.

ಸಾಗರದಲ್ಲಿ ನನ್ನ ಸೋದರತ್ತೆ ಇದ್ದರು. ಬಹಳ ಒಳ್ಳೆಯವರು. ಅದಕ್ಕೆ ಮೂರು ತಾಲ್ಲೂಕಿನ ನೆಂಟರೂ ಸಾಕ್ಷಿ, ಯಾಕೆಂದರೆ ಮೂರು ತಾಲ್ಲೂಕಿನ ನೆಂಟರೂ ಅಲ್ಲೇ ಉಣ್ಣುತ್ತಿದ್ದರು. ಕೋರ್ಟಿಗೆ ಬಂದವರು, ಹೆಣ್ಣು ನೋಡಲು ಬಂದವರು, ಕಾರ್ಗಲ್ಲಿನ ಅಣೆಕಟ್ಟಿನ ಕಡೆ ಕೆಲಸ ಸಿಕ್ಕೀತೆಂದು ಬಂದು ಸಿಗದೆ ಉಳಿದವರು. ನಾವು ಹೊಸನಗರದಿಂದ ಹೋದಾಗ ಅತ್ತೆ ಬಾಗಿಲಲ್ಲೇ ನನ್ನ ಹೆಂಡತಿಗೆ, "ಬಂದ್ಯಾ ಮಾರಾಯ್ತಿ, ಕೂತ್ಕ, ಏನೂ ಮಾಡಬ್ಯಾಡ" ಎನ್ನುವರು. ಸ್ವಲ್ಪ ಹೊತ್ತಿಗೆ, "ಸುಮ್ನೆ ಕೂತ್ರೆ ಬೇಜಾರಾಗ್ತದೆ ನಿಂಗೆ" ಎಂದು ರುಬ್ಬುವ ಕಲ್ಲಿನ ಮುಂದೆ ಮಣೆ ಹಾಕುವರು. ಹಿಂದಿನ ಸಲ ಜ್ವರಕ್ಕೆ ಡಾಕ್ಟರಿಗೆ ತೋರಿಸಲೆಂದು ಹೋದವಳು ಮನೆ ತುಂಬಾ ಜನಕ್ಕೆ ದೋಸೆ ಹೊಯ್ದು, ಜ್ವರದ ಸಮೇತ ವಾಪಸು ಬಂದಿದ್ದಳು. ನಾನು ಜಗಲಿಯಲ್ಲಿ ಕೂತು ಅವಳ ಜ್ವರದ ಬಗ್ಗೆ ಚಿಂತಿಸುತ್ತಾ ಅದೇ ದೋಸೆ ತಿಂದಿದ್ದೆ.

ಹಾಗಾಗಿ ದವಡೆ ಹಲ್ಲು ಹುಳುಕಾಗಿ ಕೀಳಿಸಲೇಬೇಕು ಎಂದಾದಾಗ ಅವಳು ಒಂದು ಷರತ್ತು ಹಾಕಿದಳು.

"ಲಾಡ್ಜಲ್ಲಿ ಉಳ್ಕಳದಾದ್ರೆ ಕೀಳಿಸ್ಕಳ್ತೀನಿ. ಅತ್ತೆಮ್ಮನ ಮನೆ ಅಂದ್ರೆ ಹಲ್ಲು ಇರ್ಲಿ ಬಿಡಿ. ನೋವು ನಂದಲ್ವಾ."

"ಲಾಡ್ಜಲ್ಲಿ ಎಂತ ಇದೆ ಅಂತ?"

"ಒಲೆ ಇಲ್ಲ. ಅದೇ ಇರೋದು. ನಾನು ಮಾಡದ ಕಾಫಿನ ಮಂಚದ ಮೇಲೆ ಕೂತ್ಕಂಡು ಒಂದಿನ ಕುಡೀಬೇಕು ನಂಗೆ. ಒಂದೇ ದಿನ."

"ಅದಕ್ಕೆ ತೀರ್ಥಹಳ್ಳಿಲಿ ನಿನ್ನ ತವರು ಇಲ್ವಾ?"

"ಅಲ್ಲಿ ಮೂರು ಜನ ಅತ್ತಿಗೆಯರಿದಾರೆ. ನಾನು ಹೋದ ದಿನ ಮೂರೂ ಜನಕ್ಕೂ ಸೊಂಟ ನೋವು."

ವಾರಗಟ್ಟಲೆ ಕೆನ್ನೆ ಹಿಡಿದುಕೊಂಡು ಓಡಾಡಿದಳೇ ಹೊರತು ಷರತ್ತು ಸಡಿಲಿಸಲಿಲ್ಲ. ಕೊನೆಗೆ ನಾನೇ ಸೋತೆ.

ಚಿಂತೆ ಮಾಡಲು ನನಗೆ ಕಾರಣ ಬೇಕಾಗಿಲ್ಲ, ಈ ವಯಸ್ಸಿನಲ್ಲೂ ಬೇಕಾಗಿಲ್ಲ. ಆ ಸಲವಂತೂ ಕಾರಣಗಳೂ ಇದ್ದವು. ಬಸ್‌ಸ್ಟ್ಯಾಂಡಿನ ಎದುರಿನ ಲಾಡ್ಜು ಬೇಡ, ಅತ್ತೆಯ ಗಂಡ, ಮಾವ, ದಿನಾ ಸಂಜೆ ಅಲ್ಲಿ ಪೇಪರು ಓದಲು ಬರುತ್ತಾರೆ. ಮಾರ್ಕೆಟ್ ಪಕ್ಕದ್ದು ಬೇಡ, ಅತ್ತೆ ತರಕಾರಿ ತರುವುದು ಅಲ್ಲಿಂದಲೇ. ಕೊನೆಗೆ ಪೇಟೆಯ ಸರೀ ನಡುವಿನ ಒಂದು ಲಾಡ್ಜು ಆರಿಸಿದೆ. ಕೆಳಗೆ ಹೋಟೆಲು, ಮೇಲೆ ರೂಮು, ಮೆಟ್ಟಿಲು ಹಿಂದುಗಡೆ. ಹಲ್ಲಿನ ಡಾಕ್ಟರೂ ಅದೇ ಬೀದಿಯಲ್ಲಿ. ಜನಜಂಗುಳಿಯಲ್ಲಿ ಯಾರೂ ಯಾರನ್ನೂ ಗಮನಿಸುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಸಾಗರದ ಜನಜಂಗುಳಿಯಲ್ಲಿ ಅರ್ಧ ಜನ ನನ್ನ ನೆಂಟರೆಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಉಳಿದದ್ದು ಕಾರು. ಅಕ್ಕಿ ಗಿರಣಿ ನಡೆಸುತ್ತಿದ್ದ ನಾನು, ಅಣೆಕಟ್ಟಿನ ಕೆಲಸ ಮುಗಿಸಿ ಹೊರಟಿದ್ದ ಒಬ್ಬ ಇಂಜಿನಿಯರರಿಂದ ಅದನ್ನು ಕೊಂಡಿದ್ದೆ. ಬಣ್ಣ ಗಿಳಿಹಸಿರು. ಅಂಥ ಬಣ್ಣ ಬಳಿಸುವ ಧೈರ್ಯ ಸುತ್ತಮುತ್ತ ಇನ್ನಾರಿಗೂ ಇರಲಿಲ್ಲ. ಕಳ್ಳರ ಭಯ ನನಗಿರಲಿಲ್ಲ. ಆ ಕಾರು ಹೊರಡಬೇಕಾದರೆ ಇಬ್ಬರು ಹಿಂದಿನಿಂದ ನೂಕಬೇಕು, ಒಬ್ಬ ಪಕ್ಕದಲ್ಲಿ ಓಡುತ್ತಾ ಹುರಿದುಂಬಿಸಬೇಕು. ಅಷ್ಟು ಒಗ್ಗಟ್ಟಿನ ಕಳ್ಳರು ಆ ಊರಿನಲ್ಲಿರಲಿಲ್ಲ. ನನಗಿದ್ದದ್ದು ಪರಿಚಯದವರ ಭಯ. ಲಾಡ್ಜಿನ ಮುಂದೆ ಆ ಕಾರು ನಿಂತರೆ ನಾನೇ ಕೊರಳಿಗೆ ಬೋರ್ಡು ಕಟ್ಟಿಕೊಂಡು ನಿಂತ ಹಾಗೆ.

ಮ್ಯಾನೇಜರನ್ನು ಕೇಳಿದೆ, "ಕಾರು ನಿಲ್ಸಕ್ಕೆ ಜಾಗ ಇದ್ಯಾ?"

"ಇಷ್ಟು ದೊಡ್ಡ ರಸ್ತೆ ಇದ್ಯಲ್ಲ ಸ್ವಾಮಿ. ಬೇಕಾದ್ರೆ ಅಡ್ಡಡ್ಡ ನಿಲ್ಸಿ."

"ಹಂಗಲ್ಲ. ಯಾರಿಗೂ ಕಾಣದ ಹಾಗೆ?"

ಅವನು ನನ್ನನ್ನು ನೋಡಿದ. ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ನಿಂತಿದ್ದ ನನ್ನ ಹೆಂಡತಿಯನ್ನು ನೋಡಿದ. ದನಿ ತಗ್ಗಿಸಿ, "ಮದುವೆ ಆಗಿದ್ಯಾ?" ಎಂದ.

"ಹನ್ನೆರಡು ವರ್ಷ ಆತು!" ಎಂದಳು ಇವಳು, ಊದಿದ ಕೆನ್ನೆಯಿಂದಲೇ. ಆ ದನಿ ಕೇಳಿದ ಮೇಲೆ ಅವನಿಗೆ ಯಾವ ಅನುಮಾನವೂ ಉಳಿಯಲಿಲ್ಲ. ಬೀಗದಕೈ ಕೊಟ್ಟ.

ಅವಳನ್ನು ಹಲ್ಲಿನ ಡಾಕ್ಟರ ಬೆಂಚಿನ ಮೇಲೆ ಕೂರಿಸಿ, ದಾರಿಹೋಕರಿಂದ ಕಾರು ನೂಕಿಸಿಕೊಂಡು ಜಾಗ ಹುಡುಕುತ್ತಾ ಹೊರಟೆ. ಆಗ ಹೊಳೆಯಿತು: ಸರ್ಕಾರಿ ಆಸ್ಪತ್ರೆ! ಕಾಂಪೌಂಡಿದೆ, ಗೇಟಿದೆ, ವಾಚ್‌ಮನ್ ಇದ್ದಾನೆ. ಮರದಡಿಯಲ್ಲಿ ಕಾರು ನಿಲ್ಲಿಸಿದೆ. ಅಷ್ಟಕ್ಕೇ ಸುಮ್ಮನಿರುವ ಜೀವವೇ ನನ್ನದು? ರಾತ್ರಿ ಟೊಂಗೆ ಮುರಿದು ಬಿದ್ದರೆ? ವಾಚ್‌ಮನ್‌ನನ್ನು ಕರೆದು, ಏನಾದರೂ ಆದರೆ ಇಂಥ ಲಾಡ್ಜಿಗೆ, ಇಂಥ ರೂಮಿಗೆ ಹೇಳಿಕಳಿಸು ಎಂದು ಎರಡೆರಡು ಸಲ ಬಾಯಿಪಾಠ ಮಾಡಿಸಿದೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡು ವಾಪಸು ನಡೆದೆ.

ಹಲ್ಲು ಕಿತ್ತು ಬಂತು. ಬಾಯಿಗೆ ಹತ್ತಿ ತುಂಬಿಸಿಕೊಂಡು ಅವಳು ಲಾಡ್ಜಿನ ಮಂಚದ ಮೇಲೆ ಕಾಲು ಚಾಚಿದಳು. ಬಿಸಿಯದ್ದು ಕುಡಿಯಬಾರದೆಂದು ಡಾಕ್ಟರು ಹೇಳಿದ್ದರೂ ನನ್ನಿಂದ ಎರಡು ಕಾಫಿ ಹೇಳಿಸಿದಳು. ಆರಿಸಿ ಕುಡಿಯುತ್ತಾಳಂತೆ. ದೀಪ ಹಚ್ಚುವ ಹೊತ್ತು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಕಾಫಿ ಬಂತೆಂದು ಬಾಗಿಲು ತೆಗೆದೆ.

ಅತ್ತೆ ನಿಂತಿದ್ದರು. ಕೈಯಲ್ಲಿ ಗಂಜಿಯ ಫ್ಲಾಸ್ಕು. ಕಣ್ಣು ಕೆಂಪಾಗಿತ್ತು. ಹಿಂದೆ ಮಾವ, ಕಂಕುಳಲ್ಲಿ ಸುತ್ತಿದ ಕಂಬಳಿ.

"ಹಾಲಿನವ್ನು ಬಂದು, ಹೊಸನಗರದ ಹಸ್ರು ಕಾರು ಆಸ್ಪತ್ರೇಲಿ ನಿಂತಿದೆ ಅಂದ. ನನ್ನ ಜೀವ ಹಾರೇ ಹೋತು," ಎಂದರು ಅತ್ತೆ. "ವಾರ್ಡಿನ ಒಂದೊಂದು ಮಂಚನೂ ನೋಡ್ಕಂಡು ಬಂದೆ ಮಾರಾಯ! ಯಾರದ್ದೋ ಮುಸುಕು ತೆಗ್ದು ಬೈಸ್ಕಂಡೆ. ಕಡೆಗೆ ಆ ವಾಚ್‌ಮನ್ನು ಗಿಣಿ ಹಂಗೆ ಹೇಳ್ದ, ಲಾಡ್ಜು, ರೂಮು, ಎಲ್ಲ."

"ಹಂಗಲ್ಲ ಅತ್ತೆ, ನಿಮ್ಗೆ ತೊಂದ್ರೆ ಕೊಡಬಾರ್ದು ಅಂತ..."

"ಓಹೋ! ತೊಂದ್ರೆ! ಇಷ್ಟು ವರ್ಷ ಉಂಡು ಹೋಗುವಾಗ ಎಲ್ಲಿತ್ತಾ ನಿನ್ನ ಈ ತೊಂದ್ರೆ? ಗಂಟು ಕಟ್ಟು. ನಡೀರಿ ಮನೆಗೆ."

ನಾನು ಆಗಲೇ ಬ್ಯಾಗಿಗೆ ಟವೆಲು ತುರುಕುತ್ತಿದ್ದೆ. ನನ್ನ ಕೈಗಳಿಗೆ ಅತ್ತೆಯ ಮಾತು ನನಗಿಂತ ಮೊದಲೇ ಕೇಳಿಸುತ್ತದೆ. ಹೆಂಡತಿ ಅಲ್ಲಾಡಲಿಲ್ಲ. ಮಂಚದ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ತಲೆಯಾಡಿಸಿದಳು. ಬೇಡ. ಅತ್ತೆ ಮತ್ತೆ ಕರೆದರು, ಮತ್ತೆ ತಲೆಯಾಡಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು, ಅದು ಹಲ್ಲಿನದ್ದಲ್ಲ.

ಆಗ ಸಪ್ಲೈಯರ್ ನಿಜವಾಗಿಯೂ ಕಾಫಿ ತಂದ. ಯಾರೂ ಮುಟ್ಟಲಿಲ್ಲ. ಆಸ್ಪತ್ರೆಯೆಲ್ಲ ಸುತ್ತಿ ಸುಸ್ತಾಗಿದ್ದ ಅತ್ತೆ ಮಂಚದ ಇನ್ನೊಂದು ತುದಿಗೆ ಕೂತು, ಸಿಟ್ಟಿನಲ್ಲೇ ಒಂದು ಲೋಟ ಎತ್ತಿದರು. ಅರ್ಧ ಕುಡಿದು ಲೋಟ ನೋಡಿದರು.

"ಇದನ್ನ ಯಾರು ತೊಳೀತಾರೆ?"

"ಅವ್ರೇ," ಎಂದೆ.

"ಬೆಳಿಗ್ಗೆನೂ ತಂದ್ಕೊಡ್ತಾರಾ? ಇಲ್ಲಿಗೇ?"

ನನ್ನ ಹೆಂಡತಿ ಈ ಸಲ ಹೌದೆಂದು ತಲೆಯಾಡಿಸಿದಳು. ಅತ್ತೆ ಉಳಿದ ಕಾಫಿಯನ್ನು ನಿಧಾನವಾಗಿ ಕುಡಿದರು. ಆಮೇಲೆ ಕಾಲನ್ನೂ ಮಂಚದ ಮೇಲೆ ತೆಗೆದುಕೊಂಡರು.

"ಹಲ್ಲು ಕಿತ್ತ ಹೆಂಗಸಿನ ಹತ್ರ ಹೆಂಗಸ್ರು ಇರ್ಬೇಕು. ಇವ್ನಿಗೆ ಎಂತ ಗೊತ್ತಾಗ್ತದೆ. ನೀವಿಬ್ರೂ ಮನೆಗೆ ಹೋಗಿ."

ಮಾವ ಕಂಬಳಿ ಹಿಡಿದುಕೊಂಡೇ ಕೇಳಿದರು, "ಊಟಕ್ಕೆ ಎಂತದು? ಮನೇಲಿ ಅಷ್ಟು ಜನ ಇದಾರೆ."

"ಅಕ್ಕಿ ಡಬ್ಬದಲ್ಲಿದೆ. ನೀರು ಬಾವೀಲಿದೆ."

ಆ ರಾತ್ರಿ ಮಾವನೂ ನಾನೂ ಬೇಯಿಸಿದ್ದನ್ನು ಅನ್ನವೆಂದು ಕರೆದವರು ನಾವಿಬ್ಬರೇ. ಕಾರ್ಗಲ್ಲಿನ ಕೆಲಸಕ್ಕೆ ಕಾದಿದ್ದ ಇಬ್ಬರು ನೆಂಟರು ಬೆಳಗಿನ ಮೊದಲ ಬಸ್ಸಿಗೇ ಹೊರಟುಹೋದರು. ನನಗೆ ಅದಕ್ಕಿಂತ ದೊಡ್ಡ ಚಿಂತೆಯಿತ್ತು. ಅಷ್ಟು ನೋವು ತಿಂದು ಗಳಿಸಿದ ಒಂದು ರಾತ್ರಿಯನ್ನೂ ಅವಳು ಅತ್ತೆಯ ಮಾತು ಕೇಳುತ್ತಾ ಕಳೆದಿರುತ್ತಾಳೆ. ಬಾಯಿ ಬೇರೆ ಕಟ್ಟಿದೆ, ಎದುರು ಹೇಳುವಂತೆಯೂ ಇಲ್ಲ.

ಬಿಸಿಲೇರಿದ ಮೇಲೆ ಮಾವನ ಜೊತೆ ಹೋಗಿ ಬಾಗಿಲು ತಟ್ಟಿದೆ. ಅವಳು ಅರ್ಧವೇ ತೆಗೆದಳು. ಊತ ಇಳಿದಿತ್ತು. ಕೈಯಲ್ಲಿ ಕಾಫಿ ಲೋಟ. ಹಿಂದೆ ಮಂಚದ ಮೇಲೆ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಹಗಲು ಹೊತ್ತಿನಲ್ಲಿ ಅವರು ಮಲಗಿದ್ದನ್ನು ನಾನಾಗಲಿ, ನನ್ನ ಹಿಂದೆ ಇಣುಕುತ್ತಿದ್ದ ಮಾವನಾಗಲಿ ನೋಡಿದವರೇ ಅಲ್ಲ.

"ಹುಷಾರಿಲ್ವಾ ಅವ್ಳಿಗೆ?" ಎಂದರು ಮಾವ, ಗಾಬರಿಯಿಂದ.

"ಶ್! ನಿನ್ನೆ ತಲೆ ಇಟ್ಟವ್ರು ಇನ್ನೂ ಎದ್ದಿಲ್ಲ. ಒಂದು ಮಾತಾಡಿಲ್ಲ," ಎಂದಳು ನನ್ನ ಹೆಂಡತಿ. "ನನ್ನದಿದು ಎರಡನೇ ಕಾಫಿ. ಅವ್ರದ್ದು ಇನ್ನೂ ಒಂದೂ ಆಗಿಲ್ಲ. ನೀವಿಬ್ರೂ ಕೆಳಗೆ ಕೂತಿರಿ. ನಾನೇ ಕರೀತೀನಿ."

ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕವೂ ಬಿತ್ತು.