ತಡವಾಗಿ ಕಲಿತ ಒಂದು ಪದ

ನನ್ನ ಬೆರಳು ನನ್ನದಲ್ಲ ಎಂದು ಬೆಳಗಾವಿಯಲ್ಲಿ ಒಂದು ಯಂತ್ರ ನನಗೆ ಹೇಳಿತು. ಡಿಸೆಂಬರಿನ ಮೊದಲ ವಾರ. ಉದ್ಯಮಬಾಗದ ನಮ್ಮ ಫೌಂಡ್ರಿಯ ಬಾಗಿಲಲ್ಲಿ ಹಾಜರಿ ಹಾಕುವ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದೆ, ಕೆಂಪು ದೀಪ. ಒರೆಸಿಕೊಂಡು ಮತ್ತೆ ಒತ್ತಿದೆ, ಮತ್ತೆ ಕೆಂಪು. ಹಿಂದೆ ಏಳೆಂಟು ಜನ ಕೆಲಸಗಾರರು ಸಾಲಾಗಿ ನಿಂತಿದ್ದರು. ಅವರಲ್ಲೊಬ್ಬರು ತಮ್ಮ ಚಹಾದ ಗ್ಲಾಸನ್ನು ನನ್ನತ್ತ ಚಾಚಿ, "ಬಟ್ಟ ಕಾಸ್ಕೋರಿ ಮ್ಯಾಡಂ, ಥಂಡ್ಯಾಗ ಅದು ಗುರ್ತಾ ಹಿಡಿಯೂದಿಲ್ಲ" ಎಂದರು. ಬಟ್ಟು ಎಂದರೆ ಬೆರಳು. ಗ್ಲಾಸು ಹಿಡಿದು ನಿಂತೆ. ಅದು ಬಿಸಿ ಇದೆ ಎಂದು ಕೈಗೆ ತಿಳಿಯಲು ಸ್ವಲ್ಪ ಹೊತ್ತೇ ಬೇಕಾಯಿತು. ಆಮೇಲೆ ಹಸಿರು ದೀಪ ಹತ್ತಿತು, ಒಳಗೆ ಹೋದೆ.

ರಾಯಚೂರಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಮ್ಮಲ್ಲಿ ಚಳಿಗಾಲವೆಂದರೆ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುವ ತಿಂಗಳು. ಮೂವತ್ತೆರಡು ವರ್ಷ ನಾನು ಸ್ವೆಟರಿನ ಮುಖ ನೋಡಿದವಳಲ್ಲ. ಇಲ್ಲಿ ಬೆಳಗಿನ ಪೀರನವಾಡಿ ಬಸ್‌ಸ್ಟಾಪಿನಲ್ಲಿ ಎಲ್ಲರ ಬಾಯಿಂದಲೂ ಹೊಗೆ ಬರುತ್ತದೆ, ಬೀಡಿ ಸೇದುವವರು ಯಾರು, ಸೇದದವರು ಯಾರು ಎಂದು ಹೇಳಲಾಗುವುದಿಲ್ಲ. ಅಕ್ಕ ಫೋನಿನಲ್ಲಿ, ಚಳಿ ಹೇಗಿದೆ ಎಂದು ಕೇಳುತ್ತಿದ್ದಳು. ಚಳಿ ಅನ್ನಿಸುವುದಕ್ಕೂ ಮೈಯಲ್ಲಿ ಒಂದಿಷ್ಟು ಬಿಸಿ ಇರಬೇಕು ಎಂದು ಅವಳಿಗೆ ಹೇಗೆ ಹೇಳಲಿ. ಚೆನ್ನಾಗಿದೆ ಎನ್ನುತ್ತಿದ್ದೆ.

ನಾನು ಬಂದದ್ದು ಜುಲೈನಲ್ಲಿ. ಅಲ್ಲಿಯವರೆಗೆ ರಾಯಚೂರಿನ ಒಂದು ಅಕ್ಕಿ ಗಿರಣಿಯ ಆಫೀಸಿನಲ್ಲಿದ್ದೆ. ಅಲ್ಲಿ ಮಾಲೀಕರಿಗೆ ಪ್ರತಿ ಹಮಾಲನ ಹೆಸರು, ಅವನ ಹೆಂಡತಿಯ ತವರು, ಮಗನ ಪರೀಕ್ಷೆ ಎಲ್ಲ ಗೊತ್ತಿತ್ತು. ಕೆಲಸ ಕೇಳಿ ಬಂದವರನ್ನು ಮೊದಲು ಕೂರಿಸಿ ನೀರು ಕೊಡುತ್ತಿದ್ದೆವು. ಇಲ್ಲಿ ನೇಮಕಾತಿಯೇ ನನ್ನ ಕೆಲಸ. "ಉಜ್ವಲ ಭವಿಷ್ಯಕ್ಕೆ ಸುವರ್ಣಾವಕಾಶ" ಎಂದು ಜಾಹೀರಾತು ಬರೆಯುವವಳು ನಾನೇ, ಅದನ್ನು ನಂಬಿ ಬಂದ ಅರ್ಜಿಗಳನ್ನು ಓದುವವಳೂ ನಾನೇ. ಎಲ್ಲರೂ ಶ್ರಮಜೀವಿಗಳು, ಎಲ್ಲರೂ ಪ್ರಾಮಾಣಿಕರು. ಮೊದಮೊದಲು ಒಂದೊಂದು ಅರ್ಜಿಯ ಫೋಟೋವನ್ನೂ ನೋಡುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಬರೀ ವಿದ್ಯಾರ್ಹತೆ ನೋಡತೊಡಗಿದೆ. ಇದೇ ಅನುಭವ ಎಂದು ನಮ್ಮ ಸಾಹೇಬರು ಹೊಗಳಿದರು. ನನ್ನ ಆರು ತಿಂಗಳ ಪರೀಕ್ಷಾವಧಿ ಜನವರಿಗೆ ಮುಗಿಯುವುದಿತ್ತು, ಹೊಗಳಿಕೆ ಬೇಡ ಎನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮನೆಯದು ಬೇರೆ ಕಥೆ. ಟಿಳಕವಾಡಿಯಲ್ಲಿ ನಾಲ್ಕು ಕಡೆ ನೋಡಿದೆ. ಒಬ್ಬರೇನಾ ಎಂದು ಕೇಳಿ, ಹೌದೆಂದ ಮೇಲೆ ನಾಲ್ಕೂ ಕಡೆ ಮನೆಯವರನ್ನು ಕೇಳಿ ಹೇಳುತ್ತೇವೆ ಎಂದರು. ಕೊನೆಗೆ ಪೀರನವಾಡಿಯಲ್ಲಿ ಮಹಡಿಯ ಮೇಲೆ ಒಂದು ಕೋಣೆ ಸಿಕ್ಕಿತು. ಕೆಳಗೆ ಮನೆಯೊಡತಿ, ಅವರನ್ನು ಎಲ್ಲರೂ ಕಾಕು ಎನ್ನುತ್ತಾರೆ, ಮರಾಠಿಯಲ್ಲಿ ಚಿಕ್ಕಮ್ಮ. ಅವರಿಗೆ ಅರ್ಧಂಬರ್ಧ ಕನ್ನಡ, ನನಗೆ ಮರಾಠಿಯ ಗಂಧವಿಲ್ಲ. ನನ್ನ ಹಿಂದಿಯನ್ನೂ ಅವರ ಕನ್ನಡವನ್ನೂ ಕಲಸಿಕೊಂಡು ಮಾತಾಡುತ್ತಿದ್ದೆವು. ಅವರು ರೊಟ್ಟಿಗೆ ಭಾಕರಿ ಎನ್ನುತ್ತಾರೆ, ರಾಗಿಗೆ ನಾಚಣಿ. ನಮ್ಮ ಜೋಳದ ರೊಟ್ಟಿಯ ಮುಂದೆ ನಾಚಣಿ ಭಾಕರಿ ನನಗೆ ಮಣ್ಣಿನ ಹಾಗೆ ಕಾಣುತ್ತಿತ್ತು, ಆದರೆ ಚಳಿಯಲ್ಲಿ ಬಿಸಿಬಿಸಿ ತಿಂದರೆ ಇಳಿಯುತ್ತದೆ. ಬೆಳಗ್ಗೆ ಹಂಡೆಯ ನೀರು ಕಾದ ಕೂಡಲೇ ಅವರು "ಖಾಲೀ ಯೇ ಗ" ಎಂದು ಕೂಗುತ್ತಿದ್ದರು. ಖಾಲಿ ಬಕೆಟ್ ತಾ ಎನ್ನುತ್ತಿದ್ದಾರೆ ಎಂದುಕೊಂಡು ನಾನು ಬಕೆಟ್ ಹಿಡಿದು ಇಳಿಯುತ್ತಿದ್ದೆ, ಅವರು ಬಿಸಿನೀರು ತುಂಬಿ ಕೊಡುತ್ತಿದ್ದರು. ಒಂದು ದಿನವೂ ತಪ್ಪಾಗಲಿಲ್ಲ. ಮರಾಠಿ ಕಲಿಯುತ್ತಿದ್ದೇನೆ ಎಂದು ಅಕ್ಕನ ಮುಂದೆ ಕೊಚ್ಚಿಕೊಂಡದ್ದೂ ಉಂಟು.

ಡಿಸೆಂಬರಿನಲ್ಲೇ ಒಂದು ಸಂದರ್ಶನ ನಡೆಯಿತು. ಮಾಲು ರವಾನಿಸುವ ವಿಭಾಗದಲ್ಲಿ ಆಫೀಸ್ ಸಹಾಯಕರ ಒಂದೇ ಜಾಗ, ಕರೆದದ್ದು ಏಳು ಜನರನ್ನು. ನಮ್ಮ ಆಫೀಸು ಮೊದಲನೆಯ ಮಹಡಿಯಲ್ಲಿದೆ. ಗೇಟಿನ ವಾಚ್‌ಮನ್ ಹತ್ತು ಗಂಟೆಗೆ ಬಂದವರ ಹೆಸರು ಬರೆದು ಮೇಲೆ ಕಳಿಸುತ್ತಾರೆ, ನಾವು ಒಬ್ಬೊಬ್ಬರನ್ನೇ ಕರೆಸಿಕೊಳ್ಳುತ್ತೇವೆ. ಅಂದು ಪಟ್ಟಿಯಲ್ಲಿ ಆರೇ ಹೆಸರು ಬಂದವು. ಅವರನ್ನು ಮಾತಾಡಿಸುವ ನಡುವೆ ನನ್ನ ಮೇಜಿನ ಫೋನು ರಿಂಗಾಯಿತು. ಹೆಣ್ಣುದನಿ, ಗಡಿಬಿಡಿಯಲ್ಲಿ ಹೆಸರು ಹೇಳಿತು. ನಾನು ಬರೆದುಕೊಳ್ಳಲಿಲ್ಲ. "ಮ್ಯಾಡಂ, ಮೀ ಖಾಲೀ ಆಹೇ" ಎಂದಿತು. ನಾನು ಖಾಲಿ ಇದ್ದೇನೆ, ಕೆಲಸವಿಲ್ಲದೆ ಕೂತಿದ್ದೇನೆ ಎಂದು ನನಗೆ ಅರ್ಥವಾಯಿತು. ಅಂಥ ಫೋನು ದಿನಕ್ಕೆ ಹತ್ತು ಬರುತ್ತವೆ. ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ. "ಕಾಯ್ರಿ, ನಾವ ಕರೀತೀವಿ" ಎಂದು ಫೋನಿಟ್ಟೆ. ಮಧ್ಯಾಹ್ನ ಏಳನೆಯ ಹೆಸರಿನ ಮುಂದೆ ಗೈರು ಎಂದು ಬರೆದೆ. ಶುಭಾಂಗಿ, ಖಾನಾಪುರ, ಬಿ.ಕಾಂ. ಜಾಗ ಬೇರೊಬ್ಬರಿಗೆ ಹೋಯಿತು.

ಸಂಕ್ರಾಂತಿಯ ಬೆಳಗ್ಗೆ ಕಾಕು ಎಂದಿನಂತೆ ಕೂಗಿದರು, ನಾನು ಎಂದಿನಂತೆ ಬಕೆಟ್ ಹಿಡಿದು ಇಳಿದೆ. ಕಾಕು ರೇಷ್ಮೆ ಸೀರೆಯುಟ್ಟು, ತಟ್ಟೆಯಲ್ಲಿ ಎಳ್ಳಿನ ಉಂಡೆ ಇಟ್ಟುಕೊಂಡು ನಿಂತಿದ್ದರು. ಬಕೆಟ್ ನೋಡಿ, ಇದರ ತುಂಬ ಉಂಡೆ ಬೇಕೇನು ಎಂದು ಕೇಳಿದರು. ನೀವೇ ಖಾಲಿ ಬಕೆಟ್ ತಾ ಎಂದಿರಲ್ಲ ಎಂದೆ. ಅವರು ಗೋಡೆ ಹಿಡಿದುಕೊಂಡು ನಕ್ಕರು.

"ಖಾಲೀ ಅಂದ್ರ ಕೆಳಗ ಗ, ವೇಡೀ. ಕೆಳಗ ಬಾ ಅಂತ ಕರೀತೇನಿ ನಾ ದಿನಾ."

ವೇಡೀ ಎಂದರೆ ಹುಚ್ಚಿ. ನಾನೂ ನಕ್ಕೆ. ಉಂಡೆಯನ್ನು ಬಾಯಿಗೆ ಹಾಕಿಕೊಂಡೆ. ಅಗಿಯುತ್ತಿರುವಾಗ ಆ ಫೋನಿನ ದನಿ ನೆನಪಾಯಿತು. ಮ್ಯಾಡಂ, ನಾನು ಕೆಳಗಿದ್ದೇನೆ.

ಮರುದಿನ ಗೇಟಿನ ರಿಜಿಸ್ಟರ್ ತೆಗೆಸಿ ನೋಡಿದೆ. ಶುಭಾಂಗಿ, ಬಂದದ್ದು ಹತ್ತೂ ಇಪ್ಪತ್ತು, ಹೋದದ್ದು ಎರಡೂವರೆ. ವಾಚ್‌ಮನ್ನರಿಗೆ ನೆನಪಿತ್ತು. ಮಂಜಿನಿಂದ ಖಾನಾಪುರದ ಬಸ್ಸು ತಡವಾಗಿತ್ತಂತೆ, ಪಟ್ಟಿ ಆಗಲೇ ಮೇಲೆ ಹೋಗಿದ್ದರಿಂದ ನೀವೇ ಮ್ಯಾಡಂಗೆ ಫೋನ್ ಮಾಡಿರಿ ಎಂದು ಅವರೇ ನಂಬರು ಕೊಟ್ಟಿದ್ದರಂತೆ. "ಕುಂದರ್ರಿ ಅಂದ್ರೂ ಕುಂದರಲಿಲ್ಲ ಆ ಬಾಯಿ," ಎಂದರು. "ಕರೀತಾರ, ಕರೀತಾರ ಅನಕೋತ ನಿಂತ ಬಿಟ್ರು." ಬಾಯಿ ಎಂದರೆ ಇಲ್ಲಿ ಹೆಣ್ಣುಮಗಳು.

ಸಾಹೇಬರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕೆಟ್ಟವರಲ್ಲ, ಪೂರ್ತಿ ಕೇಳಿಸಿಕೊಂಡರು. ಜಾಗ ತುಂಬಿದೆ, ಈಗ ಕೆದಕಿ ಯಾರಿಗೂ ಉಪಯೋಗವಿಲ್ಲ ಎಂದರು. ನಿಮ್ಮ ಖಾಯಂ ಪತ್ರವೂ ಈ ವಾರವೇ ಇದೆ, ಇದನ್ನು ಎಲ್ಲಿಯೂ ಬರೆಯಬೇಡಿ ಎಂದೂ ಸೇರಿಸಿದರು. ಶುಕ್ರವಾರ ಪತ್ರ ಬಂತು. ಅದರಲ್ಲೂ ಉಜ್ವಲ ಭವಿಷ್ಯ ಎಂಬ ಮಾತಿತ್ತು. ಅಕ್ಕ ಫೋನಿನಲ್ಲೇ ಅತ್ತಳು, ಮಕ್ಕಳ ಕೈಗೆ ಫೋನು ಕೊಟ್ಟು ಅಭಿನಂದನೆ ಹೇಳಿಸಿದಳು. ಇದಕ್ಕಾಗಿಯೇ ಊರು ಬಿಟ್ಟು ಬಂದಿದ್ದೆ. ಖುಷಿಯೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಪತ್ರವನ್ನು ಮಡಚಿ ಚೀಲದಲ್ಲಿಟ್ಟೆ. ಆ ಹುಡುಗಿ ನಾಲ್ಕು ಗಂಟೆ ಚಳಿಯಲ್ಲಿ ನಿಂತದ್ದು ತಿಳಿದ ಮೇಲೂ ನನ್ನ ಕಣ್ಣಲ್ಲಿ ಒಂದು ಹನಿ ಬರಲಿಲ್ಲವಲ್ಲ ಎಂದು ನನಗೆ ನನ್ನ ಬಗ್ಗೆಯೇ ಹೆದರಿಕೆಯಾಯಿತು.

ಭಾನುವಾರ ಪೀರನವಾಡಿಯಲ್ಲೇ ಖಾನಾಪುರದ ಬಸ್ಸು ಹತ್ತಿದೆ. ಊರು ದಾಟಿದ ಮೇಲೆ ಮಣ್ಣು ಕೆಂಪಾಗುತ್ತದೆ, ಮರ ಹೆಚ್ಚುತ್ತವೆ, ಚಳಿ ಇನ್ನೊಂದು ಸುತ್ತು ಬಿಗಿಯುತ್ತದೆ. ರಾಯಚೂರಿನಲ್ಲಿ ಬಸ್ಸಿನ ಕಿಟಕಿಯಿಂದ ಎಷ್ಟು ದೂರ ಬೇಕಾದರೂ ಕಾಣುತ್ತದೆ, ಇಲ್ಲಿ ಮಂಜು ಹತ್ತು ಮಾರಿಗೆ ನೋಟವನ್ನು ಮುಗಿಸಿಬಿಡುತ್ತದೆ. ಅರ್ಜಿಯಲ್ಲಿದ್ದ ವಿಳಾಸ ಕೇಳಿಕೊಂಡು ಹೋದೆ. ಹೆಂಚಿನ ಮನೆ. ಬಾಗಿಲಿಗೆ ಬಂದವಳಿಗೆ ಇಪ್ಪತ್ತೈದರ ಆಸುಪಾಸು. ನಾನು ಎರಡು ಮಾತಾಡುವಷ್ಟರಲ್ಲಿ ಅವಳು, "ನಿಮ್ಮ ದನಿ ಫೋನಿನ್ಯಾಗ ಕೇಳೇನ್ರಿ" ಎಂದಳು. ಅವಳ ಕನ್ನಡ ನನ್ನ ಮರಾಠಿಗಿಂತ ಎಷ್ಟೋ ವಾಸಿ.

ಒಳಗೆ ಕೂತು ಎಲ್ಲ ಹೇಳಿದೆ. ರಾಯಚೂರಿನಿಂದ ಬಂದದ್ದನ್ನೂ ಬಕೆಟ್ಟಿನ ವಿಷಯವನ್ನೂ ಹೇಳಿದೆ. ಅವಳು ನಗಲಿಲ್ಲ. ಚಾಪೆಯ ಅಂಚನ್ನು ಎಳೆಯತೊಡಗಿದಳು.

"ನಾನ ಲಗೂನ ಹೊಳ್ಳಿ ಬಂದ್ನೇನೋ ಅಂತ ದಿನಾ ಅನಸ್ತಿತ್ತ್ರಿ," ಎಂದಳು. "ಇನ್ನ ಸ್ವಲ್ಪ ನಿಂತಿದ್ರ ಕರೀತಿದ್ರೇನೋ ಅಂತ."

ನಾಲ್ಕು ಗಂಟೆ ನಿಂತವಳು, ಸಾಕಷ್ಟು ನಿಲ್ಲಲಿಲ್ಲವೆಂದು ತಿಂಗಳಿಡೀ ತನ್ನನ್ನೇ ಬೈದುಕೊಂಡಿದ್ದಳು. ನನ್ನ ಎದೆಯೊಳಗೆ ಏನೋ ಚುಚ್ಚಿತು. ಮರಗಟ್ಟಿದ ಕಾಲಿಗೆ ರಕ್ತ ಹರಿಯುವಾಗ ಆಗುವ ನೋವಿನಂಥದು.

ಆಮೇಲೆ ಉಳಿದದ್ದೂ ತಿಳಿಯಿತು. ಅವಳ ಮಾವ ಮರಾಠಿ ಶಾಲೆಯ ನಿವೃತ್ತ ಮಾಸ್ತರರು. ಸೊಸೆ ಬೆಳಗಾವಿಗೆ ಹೋಗಿ ದುಡಿಯುವುದು ಅವರಿಗೆ ಮನಸ್ಸಿರಲಿಲ್ಲ. ಮಗ ಹಟ ಹಿಡಿದದ್ದಕ್ಕೆ, ಒಂದು ಸಲ ಪ್ರಯತ್ನ ಮಾಡಲಿ, ಆಗದಿದ್ದರೆ ಆ ಮಾತು ಮತ್ತೆ ಮನೆಯಲ್ಲಿ ಎತ್ತಬಾರದು ಎಂದಿದ್ದರು. ಗೇಟಿನಲ್ಲಿ ನಿಂತು ಬಂದೆ, ಯಾರೂ ಕರೆಯಲಿಲ್ಲ ಎಂದರೆ ಯಾರು ನಂಬುತ್ತಾರೆ. ಅವಳು ನಾಪಾಸಾದೆ ಎಂದೇ ಹೇಳಿದ್ದಳು. ಅಂದಿನಿಂದ ಮಾತು ಮುಗಿದಿತ್ತು.

ಆ ಜಾಗ ಈಗ ಇಲ್ಲ ಎಂದು ನಾನು ಹೇಳಲೇಬೇಕಾಯಿತು.

"ಜಾಗಾ ಬ್ಯಾಡ್ರಿ," ಎಂದಳು. "ಮಾಮಾನ ಮುಂದ ಒಂದ ಮಾತ ಹೇಳ್ರಿ. ನೀವ ಹೇಳ್ರಿ. ಮರಾಠಿದಾಗ ಹೇಳ್ರಿ, ಅವರಿಗಿ ಕನ್ನಡ ಭಾಳ ತಿಳಿಯೂದಿಲ್ಲ."

ಅವಳೇ ವಾಕ್ಯ ಕಲಿಸಿದಳು. ಚೂಕ್ ಮಾಝೀ ಹೋತೀ, ತಿಚೀ ನಾಹೀ. ತಪ್ಪು ನನ್ನದು, ಅವಳದಲ್ಲ. ಐದಾರು ಸಲ ಹೇಳಿಸಿದಳು, ಉಚ್ಚಾರ ತಿದ್ದಿದಳು. ಸಂದರ್ಶನಕ್ಕೆ ಬಂದವಳು ನಾನೇನೋ ಎಂಬಂತೆ ಅಂಗೈ ಬೆವರಿತು, ಅಂಥ ಚಳಿಯಲ್ಲೂ.

ಮಾಸ್ತರರು ಹಿತ್ತಲ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ನಿಂತುಕೊಂಡೇ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೂ ಸೊಸೆಯನ್ನೂ ನೋಡಿದರು. ಶುಭಾಂಗಿ ಮೆಲ್ಲಗೆ ಪೂರ್ತಿ ಸಂಗತಿ ಬಿಡಿಸಿ ಹೇಳಿದಳು. ನಾನು ಚೀಲದಿಂದ ಸಂದರ್ಶನದ ಹಾಳೆಯ ನಕಲು ತೆಗೆದು ಅವರ ಕೈಗಿತ್ತೆ, ಗೈರು ಎಂದು ನಾನು ಬರೆದದ್ದರ ಮೇಲೆ ಬೆರಳಿಟ್ಟೆ. ಅವರು ಅದನ್ನು ಉತ್ತರಪತ್ರಿಕೆಯಂತೆ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಆಮೇಲೆ ಸೊಸೆಗೆ ಏನೋ ಹೇಳಿದರು. ಅವಳ ಮುಖ ಬದಲಾದದ್ದನ್ನು ನೋಡಿ ನಾನು ಏನೆಂದು ಕೇಳಿದೆ.

"ಪರೀಕ್ಷಾಕ್ಕ ಕುಂತಾಕಿನ ಅಲ್ಲ, ನಾಪಾಸ್ ಹ್ಯಾಂಗ ಆಗ್ತಾಳ ಅಂತಾರ," ಎಂದಳು ಶುಭಾಂಗಿ. "ನಂದು ಒಂದ ಸಲ ಇನ್ನೂ ಐತಂತ್ರಿ."

ಮಾಸ್ತರರು ಹಾಳೆಯನ್ನು ಮಡಚಿ ಹಿಂದಿರುಗಿಸುತ್ತ, "ತುಮ್ಹೀ ಕುಠಲ್ಯಾ?" ಎಂದು ಕೇಳಿದರು. ನೀವು ಎಲ್ಲಿಯವರು. ಈ ಪ್ರಶ್ನೆಯನ್ನು ಕಾಕುವಿನ ನೆಂಟರೆಲ್ಲ ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು, ರಾಯಚೂರು ಎಂಬ ಉತ್ತರವೂ. ಆದರೆ ಅಂದು ಬೆಳಗಾವಿ ಎಂದುಬಿಟ್ಟೆ. ಏಕೆಂದು ಇವತ್ತಿಗೂ ಗೊತ್ತಿಲ್ಲ. ಮಾಡಿದ ತಪ್ಪು ಬೆಳಗಾವಿಯದಾಗಿತ್ತು, ಅದನ್ನು ಬೇರೆ ಊರಿನವಳಾಗಿ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲವೇನೋ.

ಶುಭಾಂಗಿ ತಕ್ಷಣ ನನ್ನ ತೋಳು ಮುಟ್ಟಿ, ಮಾವನ ಕಡೆ ತಿರುಗಿದಳು. ಬೆಳಗಾವಿಯವಳಾಗಿಯೂ ಇಷ್ಟು ಮರಾಠಿ ತಿಳಿಯದವಳು ಎಂದು ನನಗೆ ಕೆಟ್ಟ ಹೆಸರು ಬರಬಾರದೆಂಬ ಕಾಳಜಿ ಅವಳ ದನಿಯಲ್ಲೇ ಇತ್ತು. "ತ್ಯಾ ಇಥಲ್ಯಾ ನಾಹೀತ, ಮಾಮಾ," ಎಂದಳು.

ಅವರು ಇಲ್ಲಿಯವರಲ್ಲ. ಮಾಸ್ತರರು ಹಾಗಿದ್ದರೆ ಸರಿ ಎಂಬಂತೆ ತಲೆಯಾಡಿಸಿ, ನನಗೆ ಕುರ್ಚಿ ತರಿಸಿದರು. ಯಾರೂ ಕನ್ನಡಕ್ಕೆ ತಿರುಗಿಸಿ ಹೇಳದೆ ನನಗೆ ಅರ್ಥವಾದ ಮೊದಲ ಮರಾಠಿ ವಾಕ್ಯ ಅದು.