ಚೀಲದ ಮೂಲೆ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳುತ್ತೇನೆ. ಧಾರವಾಡದಿಂದ ಕಲಘಟಗಿ ಕಡೆಗೆ ಹೋಗುವ ರಸ್ತೆ ಬಿಟ್ಟು ಎಡಕ್ಕೆ ಇಳಿಯುವ ಕೆಂಪು ಮಣ್ಣಿನ ದಾರಿ, ಅದರಲ್ಲಿ ಸುಮಾರು ಒಂದು ಕಿಲೋಮೀಟರ್ ಒಳಗೆ, ಕುರುಚಲು ಕಾಡಿನ ಅಂಚು. ಕಳೆದ ವರ್ಷ ಜೂನ್ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹೊತ್ತು ಇಷ್ಟು ನಿಖರವಾಗಿ ಗೊತ್ತಿರುವುದಕ್ಕೆ ಕಾರಣ, ಹಾವು ಬಿಟ್ಟ ಸಮಯವನ್ನು ವಹಿಯಲ್ಲಿ ಬರೆಯುವ ಕೆಲಸ ನನ್ನದಾಗಿತ್ತು. ಹಾವಿದ್ದ ಚೀಲದಿಂದ ನಾನು ಏಳು ಹೆಜ್ಜೆ ದೂರ ಇದ್ದೆ ಎಂದು ಬಹಳ ದಿನ ಹೇಳಿಕೊಂಡು ಬಂದೆ. ಆಮೇಲೆ ಒಬ್ಬನೇ ಹೋಗಿ ಅಳೆದೆ. ಐದೇ ಹೆಜ್ಜೆ.

ಅಲ್ಲಿ ನಾವು ಮೂವರಿದ್ದೆವು. ಮುಂದೆ ಹಾವು ಹಿಡಿಯುವವರು. ಅವರ ಎಡಕ್ಕೆ, ಆ ಭಾಗದ ಗಸ್ತಿನ ಅರಣ್ಯ ಪಾಲಕಿ, ಮೊಬೈಲ್ ಎತ್ತಿ ಹಿಡಿದು. ಹಿಂದೆ, ವಹಿ ಹಿಡಿದ ನಾನು. ನಮ್ಮಲ್ಲಿ ಯಾರೂ ಈ ಕೆಲಸಕ್ಕೆಂದು ಬೆಳೆದವರಲ್ಲ.

ಹಾವು ಹಿಡಿಯುವವರು ಮೂಲದಲ್ಲಿ ದರ್ಜಿ. ಗೋಪನಕೊಪ್ಪದಲ್ಲಿ ಅವರ ಅಂಗಡಿ, ಶಾಲೆಯ ಸಮವಸ್ತ್ರ ಹೊಲಿಯುವುದರಲ್ಲಿ ಹೆಸರು. ವರ್ಷಗಳ ಹಿಂದೆ ಅಂಗಡಿಯ ಬಟ್ಟೆ ರಾಶಿಯೊಳಗೆ ನಾಗರಹಾವು ಸೇರಿಕೊಂಡಾಗ ಓಣಿಯ ಜನ ಬಡಿಗೆ ಹಿಡಿದು ಬಂದರಂತೆ. ಮಕ್ಕಳ ಬಟ್ಟೆಯ ಮೇಲೆ ರಕ್ತ ಬೀಳುವುದು ಬೇಡವೆಂದು ಇವರು ಎಲ್ಲರನ್ನೂ ಹೊರಗೆ ಕಳಿಸಿ, ಹಾವನ್ನು ಅರ್ಧ ಹೊಲಿದ ಪ್ಯಾಂಟಿನ ಒಂದು ಕಾಲಿನೊಳಗೆ ಹೊಗಿಸಿ ಎರಡೂ ತುದಿ ಕಟ್ಟಿದರಂತೆ. ಅಂದಿನಿಂದ ಓಣಿಗೆ ಓಣಿಯೇ ಕರೆಯತೊಡಗಿತು, ಮುಂದೆ ಊರು ಕರೆಯಿತು, ಕೊನೆಗೆ ಅರಣ್ಯದ ಕಚೇರಿಯವರೂ ಕರೆದು ಗುರುತಿನ ಚೀಟಿ ಕೊಟ್ಟರು. ನಾವು ಅವರನ್ನು ಮಾಸ್ತರ ಎನ್ನುತ್ತಿದ್ದೆವು. ಟೇಲರ್ ಮಾಸ್ತರ.

ಅರಣ್ಯ ಪಾಲಕಿ ಶಿಕ್ಷಕಿಯಾಗಬೇಕೆಂದು ಧಾರವಾಡಕ್ಕೆ ಬಂದವಳು. ಒಂದೇ ಕೋಣೆಯಲ್ಲಿ ನಾಲ್ವರು ಹುಡುಗಿಯರ ಜೊತೆ ಇದ್ದು ಪರೀಕ್ಷೆಗಳಿಗೆ ಓದಿದಳು. ಶಾಲೆಯ ಕೆಲಸ ಸಿಗಲಿಲ್ಲ, ಕಾಡಿನದು ಸಿಕ್ಕಿತು. ಮೊದಲ ಸಲ ಚೀಲದಲ್ಲಿ ಹಾವು ಮಿಸುಕಾಡಿದಾಗ ಜೀಪಿನ ಮೇಲೆ ಹತ್ತಿ ನಿಂತಿದ್ದಳು. ಅದನ್ನು ಮಾಸ್ತರ ಮರೆಯಲು ಬಿಡುತ್ತಿರಲಿಲ್ಲ.

ನಾನು ಗೋಕುಲ ರಸ್ತೆಯ ಒಂದು ಪಂಪ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದವನು. ನಕ್ಷೆ ನೋಡಿಯೇ ಯಂತ್ರದವನು ಲೋಹ ಕೊರೆಯುತ್ತಾನೆ. ನಕ್ಷೆಯಲ್ಲಿಲ್ಲದ ರಂಧ್ರ ಪಂಪಿನಲ್ಲೂ ಇರುವುದಿಲ್ಲ. ಒಮ್ಮೆ ನನ್ನ ಮೇಜಿನ ಹಿಂದೆ ಕೇರೆ ಹಾವು ಸಿಕ್ಕಿ ಮಾಸ್ತರ ಬಂದರು. ಹಿಡಿದಾದ ಮೇಲೆ ಗೋಡೆಯ ಮೇಲಿದ್ದ ನಕ್ಷೆ ನೋಡುತ್ತ ನಿಂತು, “ಕಾಕಾ, ನಿಮ್ಮ ಅಕ್ಷರ ಛಲೋ ಐತಿ. ನಾ ಹಿಡದ ಹಾವಿಂದೆಲ್ಲಾ ಬರದಿಡೋರು ಯಾರೂ ಇಲ್ರಿ ನನಗ,” ಎಂದರು. ನಿವೃತ್ತನಾದ ಮೇಲೆ ಅದೇ ನನ್ನ ಕೆಲಸವಾಯಿತು. ವಹಿ ಬರೆಯುವುದು, ನನ್ನ ಹಳೆಯ ಕಾರಿನಲ್ಲಿ ಅವರನ್ನು ಒಯ್ಯುವುದು, ಚೀಲ ಒಗೆಯುವುದು.

ಚೀಲದ ವಿಷಯ ಹೇಳಬೇಕು. ಮಾಸ್ತರ ಹಾವಿನ ಚೀಲಗಳನ್ನು ತಾವೇ ಹೊಲಿಯುತ್ತಿದ್ದರು, ಸಮವಸ್ತ್ರದಲ್ಲಿ ಉಳಿದ ನೀಲಿ ಬಟ್ಟೆಯಿಂದ. ಉದ್ದನೆಯ ಚೀಲ, ದಿಂಬಿನ ಗವಸಿನ ಹಾಗೆ. ತಳದ ಎರಡು ಮೂಲೆಗಳಿಗೆ ಅಡ್ಡವಾಗಿ ಒಂದೊಂದು ಓರೆ ಹೊಲಿಗೆ. ಆ ಹೊಲಿಗೆಯಿಂದ ಮೂಲೆಯ ತುದಿ ಚಿಕ್ಕ ತ್ರಿಕೋನವಾಗಿ ಮುಚ್ಚಿಹೋಗುತ್ತದೆ, ಒಳಗಿನ ಹಾವು ಅಲ್ಲಿಗೆ ಬರಲಾರದು. ಹಾವು ಬಿಡುವಾಗ ಚೀಲದ ಬಾಯಿ ಬಿಚ್ಚಿ ನೆಲಕ್ಕಿಟ್ಟು, ಹಿಂದಿನಿಂದ ಆ ಮುಚ್ಚಿದ ಮೂಲೆ ಹಿಡಿದು ಎತ್ತಬೇಕು. ಕೈಗೂ ಹಲ್ಲಿಗೂ ನಡುವೆ ಆ ಹೊಲಿಗೆ ಇರುತ್ತದೆ. ಸಾವಿರ ಸಲ ಹಿಡಿದ ಮೂಲೆ ಅದು. ಅವರ ಬೆರಳು ನೋಡದೆಯೇ ಅಲ್ಲಿಗೆ ಹೋಗುತ್ತಿತ್ತು.

ಆ ಜೂನ್‌ನಲ್ಲಿ ಮಳೆ ಬೇಗ ಬಿತ್ತು. ಹಾವುಗಳು ಹೊರಗೆ ಬಂದವು, ಚೀಲ ಸಾಲಲಿಲ್ಲ. ಶಾಲೆ ಶುರುವಾಗುವ ಹೊತ್ತು ಬೇರೆ. ಮಾಸ್ತರರ ಅಂಗಡಿಯಲ್ಲಿ ಸಮವಸ್ತ್ರದ ಗುಡ್ಡ, ಬಾಗಿಲಲ್ಲಿ ತಾಯಂದಿರ ಸಾಲು. ನಾನೇ ಹೇಳಿದೆ, ಬಟ್ಟೆ ಕೊಡ್ರಿ ಮಾಸ್ತರ, ನಾ ಬ್ಯಾರೆ ಕಡೆ ಹೊಲಿಸಿಕೊಂಡು ಬರ್ತೇನಿ ಅಂತ. ಗಾದಿ, ದಿಂಬು ಹೊಲಿಯುವ ಒಬ್ಬನಿಗೆ ನಕ್ಷೆ ಬರೆದು ಕೊಟ್ಟು ಆರು ಚೀಲ ಹೊಲಿಸಿ ತಂದೆ. ಮಾಸ್ತರ ಕತ್ತರಿ ಕೆಳಗಿಡದೆ, “ಗಾಡ್ಯಾಗ ಇಡ್ರಿ ಕಾಕಾ,” ಎಂದರು. ಕಾರಿನಲ್ಲಿಟ್ಟೆ. ಹಳೆಯವುಗಳ ಜೊತೆ ಒಂದೇ ಗಂಟಿನಲ್ಲಿ.

ಸೋಮವಾರ ಸಂಜೆ ಒಂದು ಹೊಸ ಬಡಾವಣೆಯ ಇಟ್ಟಿಗೆ ರಾಶಿಯಲ್ಲಿ ಕೊಳಕುಮಂಡಲ ಸಿಕ್ಕಿತು, ದಪ್ಪ ಹೆಣ್ಣು. ಮಂಗಳವಾರ ಬೆಳಿಗ್ಗೆ ಬಿಡಲು ಹೋದೆವು.

ಮಾಸ್ತರ ಚೀಲದ ಬಾಯಿಯ ಗಂಟು ಬಿಚ್ಚುವ ಮೊದಲು, “ಅಕ್ಕಾರ, ಫೋಟೋದಾಗ ನನ್ನ ಹೊಟ್ಟಿ ಬರಬಾರದ ನೋಡ್ರಿ,” ಎಂದರು.

“ಹಾವಿಂದಷ್ಟ ತಗೀತೇನ್ರಿ ಮಾಸ್ತರ. ನಿಮ್ಮ ಹೊಟ್ಟಿಗೆ ಇಷ್ಟ ಸಣ್ಣ ಮೊಬೈಲ್ ಸಾಲಂಗಿಲ್ಲ.”

“ಜೀಪ್ ಹತ್ತಿ ನಿಂತ್ರ ಪೂರಾ ಬರತೈತ್ರಿ.”

ಅವಳು ನಕ್ಕಳು. ನಾನೂ ನಕ್ಕೆ. ಅವರು ಎಡಗೈಯ ಕೊಕ್ಕೆಕೋಲಿನಿಂದ ಚೀಲದ ಬಾಯಿಯನ್ನು ಪೊದೆಯ ಕಡೆ ತಿರುಗಿಸಿದರು. ಬಲಗೈ ಮೂಲೆಗೆ ಹೋಯಿತು. ಹೆಬ್ಬೆರಳು, ತೋರುಬೆರಳು. ಎತ್ತಿದರು. ಮೂಲೆಯ ಬಟ್ಟೆ ಒಮ್ಮೆ ಅಲುಗಿದ್ದನ್ನು ನಾನು ನೋಡಿದೆ. ಗಾಳಿಗೆ ಎಂದುಕೊಂಡೆ. ಗಾಳಿ ಇರಲಿಲ್ಲ.

ಅವರು ಕೂಗಲಿಲ್ಲ. ಸೂಜಿ ಚುಚ್ಚಿದವರ ಹಾಗೆ ಸಣ್ಣಗೆ ಉಸಿರು ಎಳೆದುಕೊಂಡರು. ಚೀಲವನ್ನು ಎಸೆಯಲೂ ಇಲ್ಲ. ಅದನ್ನು ಕೋಲಿಗೆ ಸಿಕ್ಕಿಸಿ, ಹಾವು ಪೂರ್ತಿ ಹೊರಗೆ ಹರಿದು ಪೊದೆ ಸೇರುವವರೆಗೆ ಹಿಡಿದೇ ನಿಂತರು. ಆಮೇಲೆ ನನ್ನ ಕಡೆ ತಿರುಗಿ ಬಲಗೈ ತೋರಿಸಿದರು. ತೋರುಬೆರಳಿನ ಮೇಲೆ ಎರಡು ಹನಿ ರಕ್ತ.

“ಕಾಕಾ, ಟೈಮ್ ಬರಕೋರಿ.”

ಬರೆದುಕೊಂಡೆ. ಏಳು ಹನ್ನೆರಡು. ಆ ಸಾಲನ್ನು ಈಗ ನೋಡಿದರೆ ಅದು ನನ್ನ ಅಕ್ಷರವೆಂದು ನಂಬಲು ಆಗುವುದಿಲ್ಲ.

ಕಾರಿನಲ್ಲಿ ಅವಳು ಮಾಸ್ತರರ ಪಕ್ಕ ಕೂತು ಅವರ ಬಲಗೈಯ ಉಂಗುರ ತೆಗೆದಳು, ಕೈಯನ್ನು ತೊಡೆಯ ಮೇಲೆ ಅಲುಗದಂತೆ ಇಡಿಸಿದಳು, ಆಸ್ಪತ್ರೆಗೆ ಫೋನ್ ಮಾಡಿದಳು. ನಾನು ಓಡಿಸುತ್ತಿದ್ದೆ. ಹಿಂದಿನಿಂದ ಮಾಸ್ತರರ ದನಿ ಒಂದೇ ಮಾತು ಕೇಳುತ್ತಿತ್ತು.

“ಮೂಲೀನ ಹಿಡದಿದ್ನಲ್ರಿ ಅಕ್ಕಾರ? ನೀವು ನೋಡಿದ್ರಿ. ಮೂಲಿ ಹೌದಲ್ಲೋ?”

“ಮಾತಾಡಬ್ಯಾಡ್ರಿ ಅಣ್ಣಾರ, ಸುಮ್ನ ಕುಂಡರ್ರಿ.”

“ಹೇಳ್ರಿ, ಮೂಲಿ ಹೌದಲ್ಲೋ?”

“ನಾ ಮೊಬೈಲ್ ನೋಡಾಕತ್ತಿದ್ನಿರಿ. ನನಗ ಹಾವಷ್ಟ ಕಂಡಿತು.”

ನನ್ನನ್ನೂ ಕೇಳಿದರು. ಮೂಲೆಯೇ ಎಂದೆ. ಆದರೆ ಮೂಲೆಯಾಗಿದ್ದರೆ ಕಚ್ಚುವುದು ಹೇಗೆ? ನನ್ನ ಕಣ್ಣೇ ಸುಳ್ಳು ಹೇಳಿರಬೇಕು ಎಂದುಕೊಂಡೆ. ಅವರೂ ತಮ್ಮ ಕೈ ತಪ್ಪಿತೆಂದುಕೊಂಡಿರಬೇಕು, ಮತ್ತೆ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಅವರ ರಕ್ತವನ್ನು ಸ್ವಲ್ಪ ಗಾಜಿನ ನಳಿಕೆಗೆ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟರು. ವಿಷ ಏರಿರದಿದ್ದರೆ ಅಷ್ಟರಲ್ಲಿ ಹೆಪ್ಪುಗಟ್ಟಬೇಕು. ಇಪ್ಪತ್ತು ನಿಮಿಷವಾದ ಮೇಲೆ ನರ್ಸ್ ನಳಿಕೆ ಓರೆ ಮಾಡಿದಳು. ರಕ್ತ ನೀರಿನ ಹಾಗೆ ಹರಿಯಿತು. ನಾನು ಅದನ್ನು ಅಲ್ಲಿಯೇ ನಿಂತು ನೋಡಿದೆ. ಔಷಧದ ಬಾಟಲಿಗಳು ಒಂದಾದ ಮೇಲೊಂದು ಏರಿದವು. ಸಂಜೆಯ ಹೊತ್ತಿಗೆ ಕೈ ಮೊಣಕೈ ದಾಟಿ ಬಾತಿತ್ತು. ಮರುದಿನ ರಕ್ತ ಹೆಪ್ಪುಗಟ್ಟತೊಡಗಿತು, ಜೀವಕ್ಕೆ ಅಪಾಯವಿಲ್ಲ ಎಂದರು. ಬೆರಳು ಮಾತ್ರ ಕಪ್ಪಾಗಿತ್ತು. ಎರಡು ಗೆಣ್ಣು ತೆಗೆಯಬೇಕಾಗುತ್ತದೆ ಎಂದರು. ದರ್ಜಿಯ ಬಲಗೈಯ ತೋರುಬೆರಳು.

ಅದೇ ದಿನ ಅರಣ್ಯ ಪಾಲಕಿ ಮೇಲಿನವರಿಗೆ ವರದಿ ಬರೆದಳು. ಬರೆಯಲೇಬೇಕು. ‘ಚೀಲದಲ್ಲಿ ಹಾವಿದ್ದ ಭಾಗವನ್ನು ಬರಿಗೈಯಿಂದ ಹಿಡಿದ ಕಾರಣ.’ ಅವಳಿಗೆ ತೋಚಿದ್ದು ಅದೇ. ಗುರುತಿನ ಚೀಟಿ ವಾಪಸ್ ಹೋಗುವುದು ಖಚಿತ ಎಂದು ನನಗೆ ಹೇಳುವಾಗ ಅವಳ ಕಣ್ಣು ತುಂಬಿತ್ತು. ಮಾಸ್ತರ ಹಾಸಿಗೆಯಿಂದಲೇ ಅದನ್ನು ಕೇಳಿ ತಲೆ ಆಡಿಸಿದರು.

“ಖರೇ ಐತಿ ಬಿಡ್ರಿ. ಕಾಕಾ, ನನ್ನ ಕೈ ನನಗ ಮೋಸ ಮಾಡೇತಿ. ಬೆರಳು ಹೋಗೂದಕ್ಕ ಅಲ್ಲ ನನಗ ಸಂಕಟ. ಉಳದ ಕೈನ ಹೆಂಗ ನಂಬಲಿ? ನಾಳೆ ಕತ್ರಿ ಹಿಡದ್ರ ಅದೂ ಎಲ್ಲಿಗಿ ಹೋಗತೈತೋ. ಇನ್ನ ಹಾವು ಬ್ಯಾಡ್ರಿ ನನಗ.”

ಗುರುವಾರ ಮುಂಜಾನೆ ಬಚ್ಚಲಲ್ಲಿ ಆ ಚೀಲ ಒಗೆಯಲು ಕುಳಿತೆ. ಒಗೆಯುವ ಮೊದಲು ಒಳಮಗ್ಗುಲು ಹೊರಗೆ ಮಾಡುವುದು ರೂಢಿ. ಕೈ ಒಳಗೆ ಹಾಕಿ ಮೂಲೆಗೆ ಬೆರಳು ಒತ್ತಿದೆ. ಬೆರಳು ಹೋಯಿತು. ಇನ್ನೂ ಹೋಯಿತು. ತುದಿಯವರೆಗೂ ಹೋಯಿತು.

ನಾನು ಎದ್ದು ಒಂದು ಹಳೆಯ ಚೀಲ ತಂದೆ. ಅದರಲ್ಲಿ ಬೆರಳು ಓರೆ ಹೊಲಿಗೆಗೆ ತಾಗಿ, ತುದಿಯಿಂದ ನಾಲ್ಕು ಬೆರಳು ಅಗಲ ಈಚೆಯೇ ನಿಂತಿತು. ಮತ್ತೆ ಹೊಸದಕ್ಕೆ ಹಾಕಿದೆ. ತುದಿಯವರೆಗೂ ಹೋಯಿತು. ಉಳಿದ ಐದನ್ನೂ ತಂದು ನೋಡಿದೆ. ಹನ್ನೆರಡು ಮೂಲೆಗಳಲ್ಲಿ ಒಂದಕ್ಕೂ ಹೊಲಿಗೆ ಇರಲಿಲ್ಲ. ಅದೇ ಬಟ್ಟೆ, ಅದೇ ಬಣ್ಣ, ಅದೇ ಅಳತೆ. ನೀರು ತುಂಬಿ ಬಕೆಟ್ಟಿನಿಂದ ಚೆಲ್ಲುತ್ತಿತ್ತು, ನಲ್ಲಿ ನಿಲ್ಲಿಸುವುದು ತಿಳಿಯಲಿಲ್ಲ.

ಹೊಲಿದವನದು ತಪ್ಪಿರಬಹುದು ಎಂಬ ಆಸೆಯಿಂದ ನಕ್ಷೆಯ ಪ್ರತಿ ಹುಡುಕಿದೆ. ಸ್ಕೇಲು ಇಟ್ಟು ಬರೆದ ಚೊಕ್ಕ ನಕ್ಷೆ. ಉದ್ದ ಇತ್ತು, ಅಗಲ ಇತ್ತು, ಎರಡು ಸಾಲು ಹೊಲಿಗೆ ಎಂದು ಬಾಣದ ಗುರುತು ಇತ್ತು, ಲಾಡಿಯ ಅಳತೆಯೂ ಇತ್ತು. ಮೂಲೆಯಲ್ಲಿ ಓರೆ ಗೆರೆ ಇರಲಿಲ್ಲ. ನನಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಅದನ್ನು ಬರೆಯಬೇಕೆಂದು ಹೊಳೆದೇ ಇಲ್ಲ. ಮೂವತ್ತು ವರ್ಷ ಕಾರ್ಖಾನೆಯ ಹುಡುಗರನ್ನು ನಾನು ಬೈದದ್ದು ಇದೊಂದಕ್ಕೇ.

ಆ ದಿನ ಆಸ್ಪತ್ರೆಗೆ ಹೋಗಿ ಮಾಸ್ತರರ ಹಾಸಿಗೆಯ ಪಕ್ಕ ಒಂದು ತಾಸು ಕುಳಿತೆ. ಹೇಳದೆ ಬಂದೆ. ಅದನ್ನೂ ಇಲ್ಲಿ ಬರೆಯಬೇಕು.

ಶುಕ್ರವಾರ ಎರಡು ಚೀಲಗಳನ್ನೂ ನಕ್ಷೆಯನ್ನೂ ತೆಗೆದುಕೊಂಡು ಹೋದೆ. ಅರಣ್ಯ ಪಾಲಕಿಗೂ ಬರಲು ಹೇಳಿದ್ದೆ. ಮಾಸ್ತರರ ಹೆಂಡತಿ ಅಲ್ಲಿಯೇ ಇದ್ದರು. ನಾನು ಮಾತಿನಲ್ಲಿ ಹೇಳಲಾರದೆ ಹಳೆಯ ಚೀಲವನ್ನು ಅವರ ಎಡಗೈಗೆ ಕೊಟ್ಟೆ. ಮೂಲೆ ಹಿಡಿದು ನೋಡಿದರು. ಆಮೇಲೆ ಹೊಸದು ಕೊಟ್ಟೆ. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರು, ನಿಲ್ಲಿಸಿದರು, ಮತ್ತೆ ಉಜ್ಜಿದರು. ದರ್ಜಿಗೆ ಅಷ್ಟು ಸಾಕಿತ್ತು.

“ಇದನ್ಯಾರು ಹೊಲದಾರ?”

“ನಾ ಹೊಲಿಸಿದ್ದು ಮಾಸ್ತರ. ನಕ್ಷಾದಾಗ ಗೆರಿ ಹಾಕಿಲ್ಲ ನಾ.”

 ಆಮೇಲೆ ಅವರು ಕೇಳಿದ್ದು ನಾನು ಎಣಿಸಿದ್ದಲ್ಲ. “ಹಂಗಾರ ನನ್ನ ಕೈ ಮೂಲಿಗೇ ಹೋಗಿತ್ತ?”

“ಮೂಲಿಗೇ ಹೋಗಿತ್ತು.”

“ಕೇಳಿದೇನ? ಮೂಲಿಗೇ ಹೋಗಿತ್ತಂತ,” ಎಂದು ಹೆಂಡತಿಯ ಕಡೆ ತಿರುಗಿದರು. ಅವರ ಮುಖದಲ್ಲಿದ್ದುದನ್ನು ಸಂತೋಷ ಎನ್ನಲು ನನಗೆ ಧೈರ್ಯವಿಲ್ಲ. ಆದರೆ ಅದಕ್ಕೆ ಬೇರೆ ಪದ ಸಿಕ್ಕಿಲ್ಲ.

ಅವರ ಹೆಂಡತಿ ನನ್ನ ಕಡೆ ನೋಡಿದರು. “ಬೆರಳು ನಿಮ್ಮದು ಹೋಗಿಲ್ಲಲ್ರಿ ಕಾಕಾ. ಗೆರಿ ಹಾಕಾಕ ನಿಮಗ ಹತ್ತೂ ಅದಾವು,” ಎಂದರು.  

ಅರಣ್ಯ ಪಾಲಕಿ ನಕ್ಷೆಯನ್ನೂ ಚೀಲವನ್ನೂ ತೆಗೆದುಕೊಂಡು ಹೋದಳು. ನಾನು ಅವಳ ಕಚೇರಿಯಲ್ಲಿ ಎರಡು ಪುಟ ಹೇಳಿಕೆ ಬರೆದು ಸಹಿ ಮಾಡಿದೆ. ಎಲ್ಲಿ ನಿಂತಿದ್ದೆ, ಎಷ್ಟು ಹೊತ್ತಿಗೆ, ಕೈ ಎಲ್ಲಿಗೆ ಹೋಯಿತು ಎಂಬುದೆಲ್ಲ. ಹಳೆಯ ವರದಿಯ ಮೇಲೆ ಹೊಸ ವರದಿ ಹೋಯಿತು. ಮಾಸ್ತರರ ಗುರುತಿನ ಚೀಟಿ ಅವರ ಬಳಿಯೇ ಉಳಿಯಿತು. ಬೆರಳಿನ ಎರಡು ಗೆಣ್ಣು ಉಳಿಯಲಿಲ್ಲ.

ಅಕ್ಟೋಬರ್‌ನಲ್ಲಿ ಅವರು ಮತ್ತೆ ಹಾವು ಹಿಡಿಯಲು ಹೊರಟರು. ಅದಕ್ಕೂ ಮೊದಲು ಉಳಿದ ಹೊಸ ಚೀಲಗಳನ್ನು ಅಂಗಡಿಗೆ ತರಿಸಿಕೊಂಡು, ನಡುಬೆರಳಿನಿಂದ ಬಟ್ಟೆ ತಳ್ಳುವುದನ್ನು ಕಲಿಯುತ್ತ, ಒಂದೊಂದೇ ಮೂಲೆ ಹೊಲಿದರು. ಹೊಲಿಗೆ ಮೊದಲಿನಷ್ಟು ನೆಟ್ಟಗಿಲ್ಲ. ನೀಲಿ ಬಟ್ಟೆಗೆ ಬಿಳಿ ದಾರ ಹಾಕಿದ್ದರು. “ಈಗ ನಿಮಗೂ ಕಾಣ್ತೈತಿ ನೋಡ್ರಿ ಕಾಕಾ,” ಎಂದು ನನ್ನ ಮುಂದೆ ಹಿಡಿದರು. ನಗಲೆಂದೇ ಹೇಳಿದರು. ನನಗೆ ಆಗಲಿಲ್ಲ.

ಆ ಮಂಗಳವಾರದ್ದನ್ನು ನೋಡಿದವರು ನನ್ನ ಹೊರತು ಇಬ್ಬರು. ಅರಣ್ಯ ಪಾಲಕಿಗೆ ಈಗ ಬೇರೆ ಜಿಲ್ಲೆಗೆ ವರ್ಗವಾಗಿದೆ. ಅವಳ ಮೊಬೈಲಿನಲ್ಲಿ ಆ ಹಾವು ಪೊದೆಗೆ ಹೋಗುವ ಚಿತ್ರವಿದೆ, ಅಂಚಿನಲ್ಲಿ ನೀಲಿ ಬಟ್ಟೆಯ ಒಂದು ಮೂಲೆಯೂ ಇದೆ. ಮಾಸ್ತರ ಗೋಪನಕೊಪ್ಪದ ಅಂಗಡಿಯಲ್ಲಿದ್ದಾರೆ. ಇಬ್ಬರೂ ಬದುಕಿದ್ದಾರೆ. ನಾನು ಬರೆದದ್ದರಲ್ಲಿ ಗೆರೆಯೊಂದು ಬಿಟ್ಟುಹೋಗಿದ್ದರೆ ಅವರನ್ನು ಕೇಳಬಹುದು.